ಠಾಣೆಯ ಎಕ್ಸ್‌ರೇ ಡಾಕ್ಟರು ಬಿಡಿಸಿದ ಮಂದಿ

ಸೊಲ್ಲಾಪುರ: ಚಿತ್ರದಲ್ಲಿ ಬಂದವರಿಗೆ ಆ ಚಿತ್ರ ನೋಡಲು ಸಿಗುವುದು ಯಾವಾಗ? ಈ ಪ್ರಶ್ನೆಯನ್ನು ಬಿಡದೆ ಹಚ್ಚಿಕೊಂಡು ಐದು ದಶಕದಿಂದ ಕುಂಚ ಹಿಡಿದಿರುವ ಕಲಾವಿದರೊಬ್ಬರು ಮಹಾರಾಷ್ಟ್ರದಲ್ಲಿದ್ದಾರೆ. ಹೆಸರು ಸುಧೀರ್ ಪಟವರ್ಧನ್. ಊರು ಠಾಣೆ. ಮೂವತ್ತು ವರ್ಷ ಹೊಟ್ಟೆಪಾಡಿಗೆ ಮಾಡಿದ ಕೆಲಸ ಎಕ್ಸ್‌ರೇ ತೆಗೆಯುವುದು!

ದಿಲ್ಲಿ, ಮುಂಬೈಯ ಕಲಾವಲಯದಲ್ಲಿ ದೊಡ್ಡ ಹೆಸರಾದರೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಅವರ ಸುದ್ದಿ ಬಂದದ್ದು ಕಡಿಮೆ. ಆದರೆ ಅವರು ಬಿಡಿಸಿದ ಮಂದಿ ಮಾತ್ರ ಇಲ್ಲಿಯವರಿಗೆ ಹೊಸಬರಲ್ಲ. ಲೋಕಲ್ ರೈಲಿನಲ್ಲಿ ತೂಕಡಿಸುವವರು, ಸೇತುವೆ ಹತ್ತಿ ಇಳಿಯುವವರು, ಪಾಳಿ ಮುಗಿಸಿ ಮನೆಗೆ ಹೊರಟವರು, ಚಹಾದ ಅಂಗಡಿಯಲ್ಲಿ ಸುಮ್ಮನೆ ಕೂತವರು. ಗಡಿಭಾಗದ ಅದೆಷ್ಟೋ ಮನೆಗಳಿಂದ ಒಬ್ಬರಾದರೂ ಮುಂಬೈ, ಠಾಣೆ, ಕಲ್ಯಾಣದ ಕಡೆ ದುಡಿಯಲು ಹೋದವರಿದ್ದಾರೆ. ಆ ಚಿತ್ರಗಳ ಮುಂದೆ ನಿಂತರೆ ‘ಇಂವಾ ನಮ್ಮ ಓಣಿಯಾಂವನ ಇದ್ದಂಗ ಅದಾನಲ್ಲ’ ಅನ್ನಿಸಿದರೆ ಆಶ್ಚರ್ಯವೇನಿಲ್ಲ.

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಮರೆತೇ ಹೋಗಿದೆ. 2008-09ರಲ್ಲಿ ಇದೇ ಪಟವರ್ಧನ್ ಮುಂದೆ ನಿಂತು ಇಂದಿನ ಭಾರತೀಯ ಕಲಾವಿದರ ಕೃತಿಗಳನ್ನು ಸೊಲ್ಲಾಪುರಕ್ಕೆ, ಅದೂ ಹಿರಾಚಂದ್ ನೇಮಚಂದ್ ವಾಚನಾಲಯಕ್ಕೆ ತಂದಿದ್ದರು. ಅದರ ಕಥೆ ಮುಂದೆ ಬರುತ್ತದೆ. ಅದಕ್ಕೂ ಮೊದಲು ಡಾಕ್ಟರ ಕಥೆ.

ಪುಣೆಯಿಂದ ಠಾಣೆಗೆ

ಪಟವರ್ಧನ್ ಹುಟ್ಟಿದ್ದು 1949ರಲ್ಲಿ, ಪುಣೆಯಲ್ಲಿ. ಅಲ್ಲಿನ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿ 1972ರಲ್ಲಿ ಡಾಕ್ಟರಾದರು. ಚಿತ್ರಕಲೆಯಲ್ಲಿ ಡಿಗ್ರಿ, ಡಿಪ್ಲೊಮಾ ಏನೂ ಇಲ್ಲ. ಪುಸ್ತಕ ನೋಡಿ, ಚಿತ್ರ ನೋಡಿ, ಕೈ ತಿದ್ದಿ ತಿದ್ದಿ ತಾವೇ ಕಲಿತದ್ದು. ಫ್ರಾನ್ಸಿನ ಸೆಜಾನ್ ಎಂಬ ಹಳೆಯ ಚಿತ್ರಕಾರನನ್ನು ಗುರುವಿನಂತೆ ಕಂಡರು. ಕಾಲೇಜಿನ ದಿನಗಳಲ್ಲೇ ಎಡಪಂಥದ ವಿಚಾರಗಳೂ ಹತ್ತಿದವು. 1973ರಲ್ಲಿ ಮುಂಬೈಗೆ ಬಂದರು. 1975ರಿಂದ 2005ರವರೆಗೆ ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿ ಪ್ರಾಕ್ಟೀಸ್ ಮಾಡಿದರು. ಉಳಿದ ಹೊತ್ತೆಲ್ಲ ಚಿತ್ರಕ್ಕೆ.

ಅಂದಿನ ಠಾಣೆ ಇಂದಿನಂತೆ ಗಗನಚುಂಬಿ ಕಟ್ಟಡಗಳ ಊರಾಗಿರಲಿಲ್ಲ. ಒಂದು ಕಡೆ ಹಳೆಯ ಊರು, ಕೆರೆಗಳು. ಇನ್ನೊಂದು ಕಡೆ ವಾಗಳೆ ಎಸ್ಟೇಟಿನಂಥ ಕಾರ್ಖಾನೆ ಪ್ರದೇಶ. ನಡುವೆ ಚಾಳು, ಜೋಪಡಿ. ಕಾರ್ಖಾನೆಯ ಊರಲ್ಲಿ ಎಕ್ಸ್‌ರೇ ಡಾಕ್ಟರ ಮುಂದೆ ಬಂದು ನಿಲ್ಲುವವರು ಎಂಥವರು ಎಂದು ಬೇರೆ ಹೇಳಬೇಕಿಲ್ಲ. ಮೂಳೆ ಮುರಿದವರು, ಎದೆನೋವಿನವರು, ಕೆಮ್ಮಿನವರು.

ಬರೆಯುವವರು ಅನೇಕ ಸಲ ‘ಎಕ್ಸ್‌ರೇ ಕಣ್ಣಿನ ಕಲಾವಿದ’ ಎಂದು ಸಲೀಸಾಗಿ ಹೇಳಿ ಮುಗಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ಎಕ್ಸ್‌ರೇ ಹಾಳೆಯಲ್ಲಿ ಮನುಷ್ಯ ಅಂದ್ರೆ ಮಾಂಸವಿಲ್ಲದ ನೆರಳು. ಪಟವರ್ಧನ್‌ರ ಮನುಷ್ಯರು ಅದಕ್ಕೆ ತದ್ವಿರುದ್ಧ. ತೂಕ ಇರುವ ಮೈ, ದಪ್ಪ ಕೈ, ನೆಲಕ್ಕೆ ಊರಿದ ಕಾಲು. ಎಕ್ಸ್‌ರೇ ಯಂತ್ರ ಅವರಿಗೆ ಕೊಟ್ಟದ್ದು ದೃಷ್ಟಿಗಿಂತ ಹೆಚ್ಚಾಗಿ ಜನರ ಬಳಕೆ. ನೋವಿರುವ ಮೈ ಹೇಗೆ ನಿಲ್ಲುತ್ತದೆ, ಹೇಗೆ ಕೂರುತ್ತದೆ ಎಂಬುದನ್ನು ದಿನಾ ನೋಡುವ ಅವಕಾಶ.

ಮನುಷ್ಯರಿಗೊಂದು ಜಾಗ

ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು 1979ರಲ್ಲಿ, ದಿಲ್ಲಿಯ ಆರ್ಟ್ ಹೆರಿಟೇಜ್ ಗ್ಯಾಲರಿಯಲ್ಲಿ. ರಂಗಭೂಮಿಯ ದೊಡ್ಡವರಾದ ಇಬ್ರಾಹಿಂ ಅಲ್ಕಾಜಿ ನಡೆಸುತ್ತಿದ್ದ ಗ್ಯಾಲರಿ ಅದು. ಅದಕ್ಕೂ ಎರಡು ವರ್ಷ ಮೊದಲೇ ‘ಇರಾನಿ ರೆಸ್ಟೋರಂಟ್’ (1977) ಎಂಬ ಚಿತ್ರ ಬಂದಿತ್ತು. ಆಮೇಲೆ ‘ಟ್ರೇನ್’ (1980). ಇರಾನಿ ಹೋಟೆಲು, ಲೋಕಲ್ ರೈಲು ಇವೆಲ್ಲ ಮುಂಬೈ ಕಂಡವರಿಗೆ ದಿನನಿತ್ಯದ ಸಂಗತಿ. ಇಂಥವನ್ನೂ ದೊಡ್ಡ ಕ್ಯಾನ್ವಾಸಿನ ಮೇಲೆ, ತೈಲವರ್ಣದಲ್ಲಿ, ರಾಜ ಮಹಾರಾಜರ ಭಾವಚಿತ್ರಕ್ಕೆ ಕೊಡುವಷ್ಟೇ ಗೌರವ ಕೊಟ್ಟು ಬರೆಯಬಹುದೇ ಅಂತ ಆಗ ಕೇಳಿದವರಿದ್ದರೆ ತಪ್ಪಿಲ್ಲ. ಆ ಕಾಲದಲ್ಲಿ ನವ್ಯ ಚಿತ್ರ ಅಂದ್ರೆ ಬರೀ ಬಣ್ಣ, ಬರೀ ಆಕಾರ ಎಂಬ ಒಲವು ಜೋರಾಗಿತ್ತು.

1981ರಲ್ಲಿ ಮುಂಬೈ ಮತ್ತು ದಿಲ್ಲಿಯಲ್ಲಿ ನಡೆದ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನ ಆ ಒಲವಿಗೆ ಎದುರು ನಿಂತಿತು. ಹೆಸರಿನ ಅರ್ಥವೇ ‘ಮನುಷ್ಯರಿಗೊಂದು ಜಾಗ’. ಭೂಪೇನ್ ಖಖ್ಖರ್, ಗುಲಾಂ ಮೊಹಮ್ಮದ್ ಶೇಖ್, ವಿವಾನ್ ಸುಂದರಂ, ನಳಿನಿ ಮಲಾನಿ, ಜೋಗೆನ್ ಚೌಧುರಿ ಮತ್ತು ಪಟವರ್ಧನ್, ಹೀಗೆ ಆರು ಮಂದಿ. ಮನುಷ್ಯ, ಅವನ ಊರು, ಅವನ ಕಥೆ ಚಿತ್ರಕ್ಕೆ ಮರಳಿ ಬರಬೇಕು ಅನ್ನುವುದು ಅವರ ನಿಲುವು. ಇಂದು ಭಾರತದ ಕಲಾ ಇತಿಹಾಸ ಬರೆಯುವವರು ಈ ಪ್ರದರ್ಶನವನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಮರುವರ್ಷವೇ, 1982ರ ಜನವರಿ 18ರಂದು, ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬೈ ಜವಳಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಮುಂದೇನಾಯಿತು ಅನ್ನುವುದನ್ನು ಸೊಲ್ಲಾಪುರದವರಿಗೆ ಬಿಡಿಸಿ ಹೇಳುವುದು ಬೇಡ. ಜೂನಿ ಮಿಲ್, ಲಕ್ಷ್ಮೀ-ವಿಷ್ಣು ಮಿಲ್‌ಗಳ ಭೋಂಗಾ ಕೇಳಿ ಎದ್ದು, ಭೋಂಗಾ ಕೇಳಿ ಉಂಡ ಊರಿದು. ಗಿರಣಿ ನಿಂತರೆ ಒಂದು ಓಣಿಗೆ ಓಣಿಯೇ ಹೇಗೆ ಸಪ್ಪಗಾಗುತ್ತದೆ ಅಂತ ಇಲ್ಲಿನ ಹಿರಿಯರು ಕಣ್ಣಾರೆ ಕಂಡಿದ್ದಾರೆ.

ಪಟವರ್ಧನ್‌ರ ಚಿತ್ರಗಳಲ್ಲೂ ಬದಲಾವಣೆ ಕಾಣುವುದು ಆ ನಂತರವೇ. ಮೊದಲು ಒಬ್ಬಿಬ್ಬ ದುಡಿಮೆಗಾರರು ಕ್ಯಾನ್ವಾಸ್ ತುಂಬ ಗಟ್ಟಿಯಾಗಿ ನಿಂತಿರುತ್ತಿದ್ದರು. ‘ಟೌನ್’ (1984) ಹೊತ್ತಿಗೆ ಇಡೀ ಊರೇ ಬಂತು. ಮನೆ, ರಸ್ತೆ, ಬಯಲು, ಅದರೊಳಗೆ ಅಲ್ಲಲ್ಲಿ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ ಚಿಕ್ಕ ಚಿಕ್ಕ ಜನ. ಒಂದೇ ಕಡೆ ನಿಂತು ನೋಡಿದರೆ ಹಾಗೆ ಕಾಣುವುದಿಲ್ಲ. ನಡೆಯುತ್ತಾ, ತಿರುಗುತ್ತಾ, ಹತ್ತಿ ಇಳಿಯುತ್ತಾ ಕಂಡದ್ದನ್ನೆಲ್ಲ ಒಂದೇ ಚಿತ್ರದಲ್ಲಿ ಹೊಲಿದಂತೆ. ಪಟವರ್ಧನ್‌ರ ಪದ್ಧತಿಯೂ ಹಾಗೇ. ಠಾಣೆ, ಮುಂಬೈ ಬೀದಿಗಳಲ್ಲಿ ನಡೆಯುವುದು, ರೇಖಾಚಿತ್ರ ಮಾಡಿಕೊಳ್ಳುವುದು, ಬಂದು ಕ್ಯಾನ್ವಾಸ್ ಮುಂದೆ ಕೂರುವುದು.

ನೋಡುವವನೂ ಪಾಲುದಾರ

1992-93ರ ಮುಂಬೈ ಗಲಭೆ ಬಹಳ ಜನರನ್ನು ಅಲುಗಾಡಿಸಿತು. ದುಡಿಯುವ ಜನ ಒಗ್ಗಟ್ಟಾಗಿ ಜಗತ್ತನ್ನು ಬದಲಿಸುತ್ತಾರೆ ಎಂದು ನಂಬಿದ್ದವರಿಗೆ ಅದೇ ಜನ ಧರ್ಮದ ಹೆಸರಲ್ಲಿ ಬಡಿದಾಡಿದ್ದು ದೊಡ್ಡ ಪೆಟ್ಟು. ಪಟವರ್ಧನ್ ‘ರಾಯಟ್’ ಎಂಬ ಚಿತ್ರ ಬರೆದದ್ದು 1996ರಲ್ಲಿ. ಅವಸರದ ಪ್ರತಿಕ್ರಿಯೆ ಅಲ್ಲ ಅದು.

ಅಲ್ಲಿಂದ ಅವರ ಪ್ರಶ್ನೆ ತಮ್ಮ ಕಡೆಗೇ ತಿರುಗಿತು ಎನ್ನಬೇಕು. ದುಡಿಯುವವನ ಚಿತ್ರ ಬರೆಯುವವನು ಡಾಕ್ಟರು, ಮಧ್ಯಮ ವರ್ಗದವನು. ಕಿಟಕಿಯಿಂದಲೋ ಸೇತುವೆ ಮೇಲಿಂದಲೋ ನೋಡುವವನು. ಕೊಳ್ಳುವವನು ಇನ್ನೂ ಮೇಲಿನವನು. ಹೀಗಿರುವಾಗ ‘ನಾನು ಅವರ ಪರ’ ಎಂದು ಹೇಳಿಕೊಳ್ಳುವುದು ಎಷ್ಟು ಸರಿ? ವಿಮರ್ಶಕ ರಂಜಿತ್ ಹೊಸಕೋಟೆ 2004ರಲ್ಲಿ ಅವರ ಬಗ್ಗೆ ತಂದ ಪುಸ್ತಕಕ್ಕೆ ‘ದಿ ಕಾಂಪ್ಲಿಸಿಟ್ ಅಬ್ಸರ್ವರ್’ ಎಂದೇ ಹೆಸರಿಟ್ಟರು. ನೋಡುತ್ತ ನಿಂತವನೂ ನಡೆದದ್ದರಲ್ಲಿ ಪಾಲುದಾರ ಎಂಬ ಅರ್ಥ. ಕಲಾವಿದನ ಮೇಲಿನ ಪುಸ್ತಕಕ್ಕೆ ಇಷ್ಟು ನಿಷ್ಠುರವಾದ ಹೆಸರು ಅಪರೂಪ.

2001ರ ‘ಲೋವರ್ ಪರೆಲ್’ ಈ ಹೊತ್ತಿನದೇ. ಗಿರಣಿಗಳ ಊರು ಮಾಲ್, ಆಫೀಸು, ಟವರ್‌ಗಳ ಊರಾಗುತ್ತಿದ್ದ ಕಾಲ. ಆ ಚಿತ್ರದಲ್ಲಿ ಘೋಷಣೆ ಇಲ್ಲ, ಕಣ್ಣೀರೂ ಇಲ್ಲ. ಜನ ಎಂದಿನಂತೆ ನಡೆದಾಡುತ್ತಾರೆ. ಹಿಂದಿನ ಅವರ ಕಾರ್ಮಿಕರು ನೋಡುವವನ ಕಣ್ಣಿಗೆ ಎದುರಾಗಿ ನಿಲ್ಲುತ್ತಿದ್ದರು, ಇಲ್ಲಿ ಊರು ಅವರನ್ನು ನುಂಗುತ್ತಿದೆ ಎನಿಸುತ್ತದೆ.

ವಾಚನಾಲಯಕ್ಕೆ ಬಂದ ಚಿತ್ರಗಳು

ತಾನು ಯಾರ ಚಿತ್ರ ಬರೆಯುತ್ತೇನೋ ಅವರು ಅದರಲ್ಲಿ ತಮ್ಮನ್ನು ಕಂಡುಕೊಳ್ಳಬೇಕು ಎಂಬ ಆಸೆಯನ್ನು ಪಟವರ್ಧನ್ ಮೊದಲಿನಿಂದಲೂ ಹೇಳುತ್ತ ಬಂದವರು. ಹೇಳುವುದು ಸುಲಭ. ಚಿತ್ರ ಇರುವುದು ಗ್ಯಾಲರಿಯಲ್ಲಿ, ಇಲ್ಲಾ ಶ್ರೀಮಂತರ ಗೋಡೆ ಮೇಲೆ. ಗ್ಯಾಲರಿಗೆ ಕಾವಲುಗಾರನನ್ನು ದಾಟಿ ಒಳಗೆ ಹೋಗಲು ಎಷ್ಟೋ ಜನರಿಗೆ ಧೈರ್ಯ ಸಾಲುವುದಿಲ್ಲ, ಟಿಕೆಟ್ಟಿಲ್ಲದಿದ್ದರೂ. ಇನ್ನು ಮುಂಬೈಯಿಂದ 400 ಕಿಲೋಮೀಟರು ದೂರದ ಊರಿನವರ ಪಾಡೇನು?

2008-09ರ ‘ವಿಸ್ತಾರಣಾರೀ ಕ್ಷಿತಿಜೇ’ ಪ್ರದರ್ಶನ ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರ. ‘ಹಿಗ್ಗುತ್ತಿರುವ ದಿಗಂತಗಳು’ ಅಂತ ಕನ್ನಡದಲ್ಲಿ ಹೇಳಬಹುದು. ಸಮಕಾಲೀನ ಭಾರತೀಯ ಕಲೆಯ ಈ ಸಂಚಾರಿ ಪ್ರದರ್ಶನವನ್ನು ಪಟವರ್ಧನ್ ಆಯ್ದು ಜೋಡಿಸಿದರು. ಬೋಧಿ ಆರ್ಟ್ ಗ್ಯಾಲರಿ ಬೆನ್ನಿಗೆ ನಿಂತಿತು. ಮುಂಬೈ, ಪುಣೆ, ನಾಸಿಕ, ನಾಗಪುರ, ಅಮರಾವತಿ, ಅಂದಿನ ಔರಂಗಾಬಾದ್, ಕೊಲ್ಲಾಪುರ ಮತ್ತು ಸೊಲ್ಲಾಪುರ. ಒಟ್ಟು ಎಂಟು ಊರು.

ಪ್ರದರ್ಶನ ನಡೆದ ಜಾಗಗಳನ್ನು ನೋಡಿ. ಒಂದೂರಲ್ಲಿ ನಾಟ್ಯಮಂದಿರ, ಇನ್ನೊಂದೂರಲ್ಲಿ ಸಾಂಸ್ಕೃತಿಕ ಭವನ, ನಾಸಿಕದಲ್ಲೂ ಸೊಲ್ಲಾಪುರದಲ್ಲೂ ವಾಚನಾಲಯ. ಜನ ಪೇಪರ್ ಓದಲು, ನಾಟಕ ನೋಡಲು, ಭಾಷಣ ಕೇಳಲು ಹೇಗೂ ಬಂದು ಹೋಗುವ ಜಾಗ. ಚಪ್ಪಲಿ ಎಲ್ಲಿ ಬಿಡಬೇಕು, ಯಾರನ್ನು ಕೇಳಬೇಕು ಎಂಬ ಅಳುಕಿಲ್ಲದ ಜಾಗ. ಇದು ಸಣ್ಣ ವಿಷಯ ಅಲ್ಲ. ಪಂಢರಪುರ ಈ ಜಿಲ್ಲೆಯದೇ. ಅಲ್ಲಿ ಹುಟ್ಟಿದ ಎಂ.ಎಫ್. ಹುಸೇನರ ಹೆಸರು ಜಗತ್ತಿಗೇ ಗೊತ್ತು. ಆದರೂ ಚಿತ್ರಕಲೆ ಅಂದ್ರೆ ಮುಂಬೈಗೆ ಹೋಗಿ ನೋಡಿ ಬರುವಂಥದ್ದು ಎಂಬ ಭಾವನೆ ಜಿಲ್ಲೆಯಲ್ಲಿ ಇಂದಿಗೂ ಇದೆ. ಅದನ್ನು ಊರಿಗೇ ಹೊತ್ತು ತಂದದ್ದು ಹೆಚ್ಚುಗಾರಿಕೆ.

ಆದರೆ ಅದೇ ಹೊತ್ತಿಗೆ, 2008ರಲ್ಲಿ, ಜಗತ್ತಿನ ಆರ್ಥಿಕತೆ ಕುಸಿಯಿತು. ಕೋಟಿಗಳಲ್ಲಿ ಕುಣಿಯುತ್ತಿದ್ದ ಕಲಾ ಮಾರುಕಟ್ಟೆಯೂ ಮಲಗಿತು. ಬೋಧಿ ತನ್ನ ಗ್ಯಾಲರಿಗಳನ್ನು ಮುಚ್ಚಿತು. ಮಾರುಕಟ್ಟೆಯ ದುಡ್ಡಿನ ಮೇಲೆ ನಿಂತ ಒಳ್ಳೆಯ ಕೆಲಸಕ್ಕೆ ಎಷ್ಟು ಆಯುಷ್ಯ ಅನ್ನುವುದು ಇದರಿಂದ ತಿಳಿಯುತ್ತದೆ. ವಾಚನಾಲಯ, ನಾಟ್ಯಮಂದಿರ ಎಲ್ಲ ಊರಿನಲ್ಲೂ ಇವೆ. ಗೋಡೆಯೂ ಇದೆ, ಬೆಳಕೂ ಇದೆ. ಚಿತ್ರಗಳಿಗೆ ವಿಮೆ, ಸಾಗಾಟ, ಕಾವಲು ಇವುಗಳ ಖರ್ಚು ಹೊರುವವರು ಬೇಕು. ಅದನ್ನು ಸರ್ಕಾರ ಯಾಕೆ ಹೊರಬಾರದು ಎಂಬ ಮಾತು ಇನ್ನೂ ಗಟ್ಟಿಯಾಗಿ ಕೇಳಿಬರಬೇಕಿದೆ.

ಮನೆಯೊಳಗೆ, ಮತ್ತೆ ಬೀದಿಗೆ

2005ರಲ್ಲಿ ಪ್ರಾಕ್ಟೀಸ್ ನಿಲ್ಲಿಸಿದ ಮೇಲೆ ಪಟವರ್ಧನ್ ಪೂರ್ಣಾವಧಿ ಕಲಾವಿದರಾದರು. ತೈಲವರ್ಣದ ಜಾಗಕ್ಕೆ ಆಗಲೇ ಆಕ್ರಿಲಿಕ್ ಬಂದಿತ್ತು. ಬೀದಿಯ ಜೊತೆಗೆ ಮನೆಯ ಒಳಗೂ ಚಿತ್ರಕ್ಕೆ ಬಂತು. ಕುಟುಂಬ, ವಯಸ್ಸಾದವರು, ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಯೋಚನೆಯಲ್ಲಿ ಕೂತವರು. 2014ರಲ್ಲಿ ‘ಮುಂಬೈ ಪ್ರಾವರ್ಬ್ಸ್’ ಎಂಬ ಏಳು ಫಲಕಗಳ ಬೃಹತ್ ಚಿತ್ರ ಮುಗಿಸಿದರು. ಮುಂಬೈ ಬೆಳೆದು ಬಂದ ಬಗೆ, ಗಿರಣಿಯ ಕಾಲ, ಇಂದಿನ ಅವಸರ ಎಲ್ಲ ಅದರಲ್ಲಿ ಸಾಲಾಗಿ ಬರುತ್ತವೆ.

2019-20ರಲ್ಲಿ ಮುಂಬೈಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ನಡೆಯಿತು. ನ್ಯಾನ್ಸಿ ಅದಜಾನಿಯಾ ಸಿದ್ಧಪಡಿಸಿದ ಆ ಪ್ರದರ್ಶನದ ಹೆಸರು ‘ವಾಕಿಂಗ್ ಥ್ರೂ ಸೋಲ್ ಸಿಟಿ’. ನಡೆದಾಡಿ ಚಿತ್ರ ಬರೆದವರಿಗೆ ಒಪ್ಪುವ ಹೆಸರೇ. ಅಷ್ಟೊಂದು ಕೃತಿಗಳು ಒಂದೇ ಕಡೆ ಮತ್ತೆ ನೋಡಲು ಸಿಗುವುದು ಸುಲಭವಿಲ್ಲ. ಒಂದೊಂದು ಕೃತಿ ಒಂದೊಂದು ಸಂಗ್ರಹದಲ್ಲಿದೆ.

ಊರು ನೋಡುವುದಕ್ಕಂತೂ ಅಡ್ಡಿಯಿಲ್ಲ. ರಾತ್ರಿ ಸೊಲ್ಲಾಪುರ ಬಿಟ್ಟ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಗಿನ ಜಾವ ಕಲ್ಯಾಣ ದಾಟುತ್ತದೆ. ಪಾರಸಿಕ್ ಗುಡ್ಡದ ಸುರಂಗ ಮುಗಿದ ಮೇಲೆ ಕಳವಾ, ಆಮೇಲೆ ಖಾಡಿಯ ಮೇಲಿನ ಸೇತುವೆ, ಅದರಾಚೆ ಠಾಣೆ. ‘ಟೌನ್’ ಚಿತ್ರದ ಊರು ಅದೇ.