ಮಠದೊಳಗೆ ಎದ್ದ ಕಾರ್ಖಾನೆ

1814ರ ನವೆಂಬರ್ 29ರ ‘ಟೈಮ್ಸ್’ ಪತ್ರಿಕೆ ಲಂಡನ್ನಿನಲ್ಲಿ ಉಗಿಯ ಬಲದಿಂದ ಅಚ್ಚಾಯಿತು. ಕೈಯಚ್ಚಿನ ಕೆಲಸಗಾರರನ್ನು ಪರದೇಶದ ಸುದ್ದಿಗೆ ಕಾಯಿರಿ ಎಂದು ಕೂರಿಸಿ, ಅತ್ತ ಗುಟ್ಟಾಗಿ ಯಂತ್ರ ಓಡಿಸಿದ್ದರು. ಮಾಲೀಕ ಜಾನ್ ವಾಲ್ಟರ್ ಬೆಳಗ್ಗೆ ಅಚ್ಚಾದ ಹಾಳೆ ಹಿಡಿದು ಬಂದು, ಗಲಾಟೆ ಮಾಡದಿದ್ದರೆ ಬೇರೆ ಕೆಲಸ ಸಿಗುವ ತನಕ ಸಂಬಳ ಕೊಡುತ್ತೇನೆ ಎಂದ. ಕೈಯಚ್ಚಿನಲ್ಲಿ ಚರ್ಮದ ಉಂಡೆಯಿಂದ ಅಚ್ಚುಮೊಳೆಗಳಿಗೆ ಮಸಿ ತಟ್ಟುವವನೊಬ್ಬ, ಹಿಡಿಕೆ ಎಳೆದು ಒತ್ತುವವನೊಬ್ಬ. ಇಬ್ಬರು ಸೇರಿ ಗಂಟೆಗೆ ಸುಮಾರು 250 ಹಾಳೆ ಮುಗಿಸಿದರೆ ಹೆಚ್ಚು. ಹೊಸ ಯಂತ್ರದಲ್ಲಿ ಮಸಿ ಹಚ್ಚುವುದಕ್ಕೆ ಉರುಳೆಗಳು, ಕಾಗದ ಒತ್ತುವುದಕ್ಕೆ ತಿರುಗುವ ಸಿಲಿಂಡರು. ಗಂಟೆಗೆ 1,100 ಹಾಳೆ. ಇದನ್ನು ಕಟ್ಟಿದವರು ಇಬ್ಬರು ಜರ್ಮನರು: ಅಚ್ಚುಕೂಟದಲ್ಲಿ ಪಳಗಿದ ಫ್ರೀಡ್ರಿಕ್ ಕೋನಿಗ್ ಮತ್ತು ಯಂತ್ರಗಾರ ಆಂಡ್ರಿಯಾಸ್ ಬಾವರ್. ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಇದರ ಮುಂದಿನ ಕತೆ. ಯಂತ್ರ ಕಂಡುಹಿಡಿಯುವುದಕ್ಕಿಂತ, ಅದನ್ನು ಮತ್ತೆ ಮತ್ತೆ ಮಾಡಬಲ್ಲ ಕೈಗಳನ್ನು ತಯಾರು ಮಾಡುವುದೇ ಕಷ್ಟದ ಕೆಲಸವಾಗಿತ್ತು.

ಲಂಡನ್ನಿನ ಪಾಲುದಾರನೊಡನೆ ಮನಸ್ತಾಪವಾಗಿ ಇಬ್ಬರೂ ತಾಯ್ನಾಡಿಗೆ ಮರಳಿದರು. 1817ರಲ್ಲಿ ಬವೇರಿಯಾದ ವ್ಯೂರ್ಟ್ಸ್‌ಬರ್ಗ್ ಬಳಿ, ಓಬರ್ಜೆಲ್ ಎಂಬಲ್ಲಿ ಸನ್ಯಾಸಿಗಳು ಬಿಟ್ಟುಹೋದ ಮಠವೊಂದರಲ್ಲಿ ಕಾರ್ಖಾನೆ ತೆರೆದರು. ಕಟ್ಟಡವೇನೋ ದೊಡ್ಡದು. ಆದರೆ ಸುತ್ತಮುತ್ತ ಒಳ್ಳೆಯ ಎರಕವಿಲ್ಲ, ಕಬ್ಬಿಣದ ಕುಸುರಿ ಬಲ್ಲವರಿಲ್ಲ. ಇದ್ದವರು ದ್ರಾಕ್ಷಿತೋಟದ ಜನ. ಕುಡಗೋಲು ಹಿಡಿದ ಕೈಗೆ ಅರ ಹಿಡಿಯುವುದನ್ನು, ಅಳೆದು ಕೊರೆಯುವುದನ್ನು ಮೊದಲಿನಿಂದ ಕಲಿಸಬೇಕಾಯಿತು. ಲಂಡನ್ನಿನಲ್ಲಿ ಓಡಿ ತೋರಿಸಿದ್ದ ಯಂತ್ರವನ್ನೇ ಇಲ್ಲಿ ಮಾಡಿ ಬರ್ಲಿನ್ನಿಗೆ ಕಳಿಸಲು ಐದು ವರ್ಷ ಹಿಡಿಯಿತು. ನಕ್ಷೆ ತಲೆಯಲ್ಲಿದ್ದರೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂಲ ಕಲ್ಪನೆಯೇ ಇಲ್ಲದಿದ್ದರೆ ಕೈಗಳಿಂದೇನು ಪ್ರಯೋಜನ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಲ್ಪನೆ ಒಡೆಯನ ಬಳಿಯೇ ಉಳಿಯುವುದಿಲ್ಲ: ಲಂಡನ್ನಿನಲ್ಲಿ ಆಪಲ್‌ಗಾತ್ ಮತ್ತು ಕೌಪರ್ ಎಂಬಿಬ್ಬರು ಅದೇ ಯಂತ್ರವನ್ನು ಸರಳಗೊಳಿಸಿ, 1827ರ ಹೊತ್ತಿಗೆ ‘ಟೈಮ್ಸ್’ಗೆ ಗಂಟೆಗೆ ಸುಮಾರು 4,000 ಹಾಳೆ ಒತ್ತುವ ಯಂತ್ರ ಕೊಟ್ಟರು. ಕೈಚಳಕವೊಂದಿದ್ದರೆ ಗಿರಾಕಿ ತಾನಾಗಿ ಬರುತ್ತಾನೆಯೇ ಎಂಬ ಇನ್ನೊಂದು ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. 1830ರ ಪ್ಯಾರಿಸ್ ಕ್ರಾಂತಿಯಲ್ಲಿ ಕೆಲಸಗಾರರು ಮುದ್ರಣಯಂತ್ರಗಳನ್ನು ಒಡೆದುಹಾಕಿದಾಗ ಓಬರ್ಜೆಲ್‌ಗೆ ಬರುವ ಬೇಡಿಕೆಯೂ ಕುಸಿಯಿತು. ಕುಶಲತೆ ಅಲ್ಲಿ ನೆರವಿಗೆ ಬರಲಿಲ್ಲ. ಆದರೂ 1833ರಲ್ಲಿ ಕೋನಿಗ್ ತೀರಿಕೊಂಡಾಗ ಕಾರ್ಖಾನೆ ಮುಚ್ಚಲಿಲ್ಲ. ಅವನ ಹೆಂಡತಿ ಫ್ಯಾನಿ ಮತ್ತು ಬಾವರ್ ಅದನ್ನು ನಡೆಸಿದರು. ಕಂಡುಹಿಡಿದವನ ತಲೆಯೊಂದನ್ನೇ ನಂಬಿದ ಉದ್ಯಮವಾಗಿದ್ದರೆ ಅದು ಅಂದೇ ಮುಗಿಯುತ್ತಿತ್ತು. 1868ರಲ್ಲಿ ಕಂಪನಿ ತನ್ನ ಕೆಲಸಗಾರರಿಗಾಗಿ ಶಾಲೆಯನ್ನೇ ತೆರೆಯಿತು. ‘ಕೋನಿಗ್ ಆ್ಯಂಡ್ ಬಾವರ್’ ವ್ಯೂರ್ಟ್ಸ್‌ಬರ್ಗ್‌ನಲ್ಲಿ 2017ರಲ್ಲಿ ಇನ್ನೂರು ವರ್ಷ ಪೂರೈಸಿತು. ನೋಟು ಅಚ್ಚು ಹಾಕುವ ಯಂತ್ರಗಳೂ ಅದರ ತಯಾರಿಕೆಯಲ್ಲಿವೆ.