ಗಮಕಕ್ಕೊಂದು ಹಿಡಿಕೆ

ಟ್ರೆಮೊಲೊ, ಅಂದರೆ ಬ್ರಿಡ್ಜನ್ನು ಆಡಿಸಿ ಸ್ವರ ಬಾಗಿಸುವ ಹಿಡಿಕೆ, ಇರುವ ಎಲೆಕ್ಟ್ರಿಕ್ ಗಿಟಾರು ಕೈಗೆ ಸಿಕ್ಕಿದರೆ ಒಂದು ಪರೀಕ್ಷೆ ಮಾಡಿ ನೋಡಿ. ಎಲ್ಲಕ್ಕಿಂತ ದಪ್ಪಗಿರುವ ಆರನೇ ತಂತಿಯನ್ನು ಹಾಗೇ ಬಿಟ್ಟು ಮೀಟಿ. ಅದು ನುಡಿಯುತ್ತಿರುವಾಗಲೇ ಮೂರನೇ ತಂತಿಯನ್ನು ಬೆರಳಿನಿಂದ ಜಗ್ಗಿ, ಸ್ವರವನ್ನು ಒಂದು ಹೆಜ್ಜೆ ಮೇಲೇರಿಸಿ. ಬ್ರಿಡ್ಜ್ ಮರಕ್ಕೆ ಒರಗದೆ ತೇಲುವ ಬಗೆಯದಾಗಿದ್ದರೆ ಆರನೇ ತಂತಿಯ ಶ್ರುತಿ ತಾನಾಗಿ ಕೆಳಗಿಳಿಯುತ್ತದೆ. ಟ್ಯೂನರ್ ಹಚ್ಚಿಟ್ಟಿದ್ದರೆ ಮುಳ್ಳು ಎಡಕ್ಕೆ ಸರಿಯುವುದು ಕಾಣುತ್ತದೆ. ಜಗ್ಗಿದ್ದು ಒಂದು ತಂತಿ, ಶ್ರುತಿ ತಪ್ಪಿದ್ದು ಮಿಕ್ಕ ಐದೂ.

ರಾಕ್ ಸಂಗೀತದ ಗದ್ದಲದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಷಡ್ಜದ ತಂತಿಯೊಂದನ್ನು ನುಡಿಸುತ್ತಲೇ ತೋಡಿಯನ್ನೋ ಭೈರವಿಯನ್ನೋ ಎಳೆಯಲು ಹೊರಟವರಿಗೆ ಮಾತ್ರ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ. ಅಂಥವರು ಕೇರಳದಲ್ಲಿ ಕಡಿಮೆಯೇನಲ್ಲ.

ಕೊಚ್ಚಿಯ ರಾಕ್‌ಗೆ ಅರ್ಧ ಶತಮಾನದ ಹತ್ತಿರದ ಇತಿಹಾಸವಿದೆ. 13ಎಡಿ ತಂಡ ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಶುರುವಾಗಿ, 1990ರಲ್ಲಿ ‘ಗ್ರೌಂಡ್ ಝೀರೋ’ ಆಲ್ಬಮ್ ತಂದಿತು. ಅದೇ ಊರಿನಲ್ಲಿ 1996ರಲ್ಲಿ ಹುಟ್ಟಿದ ಮದರ್‌ಜೇನ್ 2008ರ ‘ಮಕ್ತೂಬ್’ ಆಲ್ಬಮ್ಮಿನಲ್ಲಿ ಕರ್ನಾಟಕ ಸಂಗೀತದ ನಡೆಗಳನ್ನು ಹೆವಿ ರಾಕ್ ಒಳಗೆ ತಂದು ಕೂರಿಸಿತು. ಆಗ ಅದರ ಗಿಟಾರ್ ವಾದಕರಾಗಿದ್ದ ಬೈಜು ಧರ್ಮಜನ್ ಅವರ ಬೆರಳುಗಳಲ್ಲಿ ಜಾರು, ಕಂಪಿತದಂಥ ಗಮಕಗಳು ಅಪ್ಪಟ ದಕ್ಷಿಣದ ರೀತಿಯಲ್ಲೇ ಕೇಳಿಸುತ್ತವೆ. ಆ ವರ್ಷವೇ ತಿರುವನಂತಪುರದ ಅವಿಯಲ್ ತಂಡವೂ ಮಲಯಾಳದಲ್ಲೇ ಹಾಡಿದ ತನ್ನ ಮೊದಲ ಆಲ್ಬಮ್ ತಂದಿತು. ಈ ಎರಡು ಊರುಗಳ ಹುಡುಗ ಹುಡುಗಿಯರು ಇವತ್ತು ಗಿಟಾರ್ ಹಿಡಿದರೆ, ಅಮೆರಿಕದ ರಾಕ್ ಜೊತೆಗೆ ಇದನ್ನೂ ಕೇಳಿಯೇ ಬೆಳೆದಿರುತ್ತಾರೆ. ಹಾಗಾಗಿ ಹಳೆಯ ಗಿಟಾರಿಗೆ ಹೊಸ ಟ್ರೆಮೊಲೊ ಕೂರಿಸುವ ಆಸೆ ಹುಟ್ಟಿದಾಗ, ಯಾವ ಕಂಪನಿಯದು ಎಂದು ಕೇಳುವ ಮೊದಲು ಗಮಕ ಹುಟ್ಟಬೇಕಾದದ್ದು ಬೆರಳಿನಲ್ಲೋ ಹಿಡಿಕೆಯಲ್ಲೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಆಯ್ಕೆ ಅಲ್ಲೇ ಮುಗಿಯುತ್ತದೆ.

ಲಿಯೊ ಫೆಂಡರ್ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗೆ ಕೊಟ್ಟ ಟ್ರೆಮೊಲೊ ಒಂದು ತಕ್ಕಡಿ. ಒಂದು ಕಡೆ ಆರು ತಂತಿಗಳು ಜಗ್ಗುತ್ತವೆ, ಬೆನ್ನಿನ ಗುಳಿಯಲ್ಲಿ ಕೂತ ಸ್ಪ್ರಿಂಗುಗಳು ಎದುರು ಜಗ್ಗುತ್ತವೆ. ತಂತಿಗಳ ಎಳೆತವೇನು ಸಣ್ಣದಲ್ಲ: 9ರಿಂದ 42ರ ತೆಳು ತಂತಿಯ ಕಟ್ಟಿಗೆ ಸುಮಾರು 38 ಕಿಲೋ, 10ರಿಂದ 46ರ ಕಟ್ಟಿಗೆ ಸುಮಾರು 46 ಕಿಲೋ. ಹಿಡಿಕೆ ಒತ್ತಿದರೆ ಬ್ರಿಡ್ಜ್ ಮುಂದಕ್ಕೆ ಬಾಗಿ ಸ್ವರ ಇಳಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ತಂತಿಯನ್ನು ಬೆರಳಿನಿಂದ ಜಗ್ಗಿದಾಗಲೂ ತಕ್ಕಡಿಯ ತಂತಿಗಳ ಬದಿಗೇ ಭಾರ ಬೀಳುತ್ತದೆ. ಸ್ಪ್ರಿಂಗು ತುಸು ಸೋಲುತ್ತದೆ, ಬ್ರಿಡ್ಜ್ ತುಸು ಬಾಗುತ್ತದೆ, ಮಿಕ್ಕ ತಂತಿಗಳು ಸಡಿಲಾಗುತ್ತವೆ. ಜಗ್ಗಿದ ತಂತಿಯೂ ಬೇಕಾದ ಸ್ವರ ಮುಟ್ಟಬೇಕಾದರೆ ಇನ್ನಷ್ಟು ಜಗ್ಗಬೇಕು.

ವೀಣೆಯಲ್ಲಿ ಈ ತಂಟೆ ಇಲ್ಲ, ಅದರ ಕುದುರೆ ಅಲುಗಾಡುವುದಿಲ್ಲ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದ ನವರಾತ್ರಿ ಮಂಟಪದಲ್ಲಿ ಪ್ರತಿ ವರ್ಷ ಸ್ವಾತಿ ತಿರುನಾಳ್ ಕೃತಿಗಳ ಕಛೇರಿಗಳು ನಡೆಯುತ್ತವೆ. (ಕನ್ನಡದಲ್ಲೂ ರಚನೆ ಮಾಡಿದ ಮಹಾರಾಜ ಅವರು, ನಮಗೂ ಸ್ವಲ್ಪ ಹಕ್ಕಿದೆ.) ಆ ಪರಂಪರೆಯ ವೈಣಿಕರು ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಎರಡು ಮೂರು ಸ್ವರಗಳನ್ನು ಒಂದೇ ಜಾಗದಲ್ಲಿ ಹೊರಡಿಸುವಾಗ, ಪಕ್ಕದ ತಾಳದ ತಂತಿಗಳು ಷಡ್ಜ ಪಂಚಮಗಳಲ್ಲಿ ಕದಲದೆ ನಿಂತಿರುತ್ತವೆ. ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಜೋಡಿ ತಂತಿಗಳನ್ನು ತೆಗೆದು ಐದು ಒಂಟಿ ತಂತಿ ಕಟ್ಟಿಕೊಂಡ ಯು. ಶ್ರೀನಿವಾಸ್ ಕೂಡ ಗಮಕದ ಕೆಲಸವನ್ನೆಲ್ಲ ಎಡಗೈ ಬೆರಳಿಗೇ ವಹಿಸಿದ್ದರು.

ಬೆರಳಿನ ಗಮಕವೇ ನಿಮ್ಮ ದಾರಿಯಾದರೆ ತೇಲುವ ಬ್ರಿಡ್ಜಿನ ಮೇಲೆ ದುಡ್ಡು ಸುರಿಯಬೇಡಿ. ಇರುವ ಟ್ರೆಮೊಲೊದ ಬೆನ್ನಿನ ಮುಚ್ಚಳ ತೆಗೆದು, ಸ್ಪ್ರಿಂಗು ಸಿಕ್ಕಿಸಿದ ಪಟ್ಟಿಯ ಎರಡು ಸ್ಕ್ರೂಗಳನ್ನು ಬಿಗಿ ಮಾಡಿ. ಮೂರು ಸ್ಪ್ರಿಂಗಿದ್ದರೆ ಇನ್ನೆರಡು ಸೇರಿಸಿ. ಬ್ರಿಡ್ಜಿನ ತಟ್ಟೆ ಮರದ ಮೇಲೆ ಬಿಗಿಯಾಗಿ ಕೂರುತ್ತದೆ. ಹಿಡಿಕೆಯಿಂದ ಸ್ವರ ಇಳಿಸಬಹುದು, ಏರಿಸಲಾಗದು. ಬೆರಳಿನ ಜಗ್ಗಾಟಕ್ಕೆ ಬ್ರಿಡ್ಜ್ ಬಗ್ಗುವುದಿಲ್ಲ. ವೇದಿಕೆಯ ಮೇಲೆ ತಂತಿಯೊಂದು ಹರಿದರೂ ಉಳಿದವು ಶ್ರುತಿಯಲ್ಲೇ ಇರುತ್ತವೆ. ತೇಲುವ ಬ್ರಿಡ್ಜಿನಲ್ಲಾದರೆ ಹಾಡು ಅಲ್ಲಿಗೇ ನಿಂತಂತೆ.

ಹಿಡಿಕೆಯಿಂದಲೇ ಗಮಕ ಎಳೆಯುವ ಹಾದಿಯೂ ಇದೆ. ಗಿಟಾರ್ ವಾದಕ ಜೆಫ್ ಬೆಕ್ 1989ರಲ್ಲಿ ಧ್ವನಿಮುದ್ರಿಸಿದ ‘ವೇರ್ ವರ್ ಯೂ’ ಕೇಳಿದವರಿಗೆ ಅದು ಗೊತ್ತು. ಬಹುಪಾಲು ರಾಗವನ್ನೇ ಅವರು ಹಿಡಿಕೆಯಿಂದ ಎಳೆದು ಬಾಗಿಸುತ್ತಾರೆ. ಅದಕ್ಕೆ ತೇಲುವ ಬ್ರಿಡ್ಜೇ ಬೇಕು, ಏಕೆಂದರೆ ಸ್ವರ ಮೇಲಕ್ಕೂ ಹೋಗಬೇಕು. ಇಲ್ಲಿ ಎರಡು ಮೊಳೆಗಳ ಮೇಲೆ ಚೂರಿಯಂಚಿನಿಂದ ನಿಲ್ಲುವ ಗೊಟೊ, ವಿಲ್ಕಿನ್ಸನ್ ಬಗೆಯವು ಆರು ಸ್ಕ್ರೂಗಳ ಹಳೆಯ ಮಾದರಿಗಿಂತ ನುಣುಪಾಗಿ ಓಡುತ್ತವೆ. ಇಷ್ಟು ಕಸರತ್ತಿಗೆ ಫ್ಲಾಯ್ಡ್ ರೋಸ್ ಬೇಡ ಎಂದೇ ನನ್ನ ಅಭಿಪ್ರಾಯ. 1979ರಲ್ಲಿ ಪೇಟೆಂಟ್ ಪಡೆದ ಆ ವ್ಯವಸ್ಥೆ ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದು ಹಾಕುತ್ತದೆ, ಎಷ್ಟೇ ಆಡಿಸಿದರೂ ಶ್ರುತಿಗೆ ಮರಳುತ್ತದೆ. ಎಂಬತ್ತರ ದಶಕದ ಮೆಟಲ್ ಸಂಗೀತ ಅದರ ಮೇಲೆಯೇ ನಿಂತಿದೆ. ಆದರೆ ಒಬ್ಬ ಗಾಯಕರು ಒಂದು ಮನೆ ಶ್ರುತಿಯಲ್ಲಿ ಹಾಡಿ, ಮುಂದಿನವರು ಎರಡೂವರೆ ಮನೆ ಎಂದರೆ ಅಲೆನ್ ಕೀ ಹುಡುಕಿ ಬೀಗ ಸಡಿಲಿಸಿ, ಆರೂ ತಂತಿಯನ್ನು ಮತ್ತೆ ಮತ್ತೆ ಹೊಂದಿಸಿ, ಮತ್ತೆ ಬೀಗ ಹಾಕುವಷ್ಟರಲ್ಲಿ ಮೃದಂಗದವರು ತನಿ ಆವರ್ತನ ಮುಗಿಸಿರುತ್ತಾರೆ.

ಇನ್ನು ಅಳತೆಯ ಮಾತು. ಬೇಕಾದದ್ದು ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ತಾಳ್ಮೆ. ಬ್ರಿಡ್ಜಿಗೆ ಆರು ಸ್ಕ್ರೂ ಇದ್ದರೆ ಮೊದಲನೆಯದರಿಂದ ಆರನೆಯದರ ನಡುವಿನ ಅಂತರ ಅಳೆಯಿರಿ. ಹಳೆಯ ಫೆಂಡರ್ ಅಳತೆ ಸುಮಾರು 56 ಮಿ.ಮೀ., ಏಷ್ಯಾದಲ್ಲಿ ತಯಾರಾದ ಅನೇಕ ಗಿಟಾರುಗಳಲ್ಲಿ 52.5 ಮಿ.ಮೀ. ಕಂಡರೆ ಎರಡೂ ಒಂದೇ ಎನಿಸುತ್ತವೆ, ಒಂದರ ತೂತಿಗೆ ಇನ್ನೊಂದು ಕೂರುವುದಿಲ್ಲ. ಎರಡು ಮೊಳೆಯ ಫೆಂಡರ್ ಬ್ರಿಡ್ಜಿನಲ್ಲಿ ಮೊಳೆಗಳ ಅಂತರ ಸುಮಾರು 56, ಫ್ಲಾಯ್ಡ್ ರೋಸ್‌ನಲ್ಲಿ ಸುಮಾರು 74. ಆಮೇಲೆ ಗಿಟಾರಿನ ದಪ್ಪ ನೋಡಿ. ಮೂಲ ಸ್ಟ್ರಾಟ್ 45 ಮಿ.ಮೀ. ಇರುತ್ತದೆ, ಅಗ್ಗದ ಗಿಟಾರುಗಳಲ್ಲಿ 40ರ ಆಸುಪಾಸೂ ಸಿಗುತ್ತದೆ. ಅದಕ್ಕೆ ಬ್ರಿಡ್ಜಿನ ಅಡಿಯಲ್ಲಿ ಉದ್ದನೆಯ ಉಕ್ಕಿನ ಬ್ಲಾಕ್ ಹಾಕಿದರೆ ಬೆನ್ನಿನಿಂದ ಹೊರಕ್ಕೆ ಇಣುಕುತ್ತದೆ, ಮುಚ್ಚಳ ಹಾಕಲಾಗುವುದಿಲ್ಲ. ಕೋಲ್ಕತ್ತದ ಗಿವ್ಸನ್ ಹಿಡಿದು ಕಲಿತ ತಲೆಮಾರಿನವರ ಗಿಟಾರುಗಳಿಗಂತೂ ಯಾವ ಪಟ್ಟಿಯನ್ನೂ ನಂಬದೆ ನೇರ ಅಳೆಯುವುದೇ ಸರಿ.

ಲೆಸ್ ಪಾಲ್ ಬಗೆಯ ಗಿಟಾರಿನ ಕಥೆ ಬೇರೆ, ಅದರಲ್ಲಿ ಗುಳಿಯೇ ಇಲ್ಲ. ಗುಳಿ ಕೊರೆಸಲು ಹೋಗಬೇಡಿ. ವೈಬ್ರಮೇಟ್ ಎಂಬ ತಟ್ಟೆಯ ಮೇಲೆ ಬಿಗ್ಸ್‌ಬಿ ಕೂರಿಸಿದರೆ ಇರುವ ಸ್ಕ್ರೂ ಜಾಗಗಳಲ್ಲೇ ಮುಗಿಯುತ್ತದೆ, ನಾಳೆ ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದು. ಬಿಗ್ಸ್‌ಬಿಯ ಓಟ ಸಣ್ಣದು, ಒಂದು ಸ್ವರದ ಸುತ್ತ ಮೆಲ್ಲಗೆ ಅಲುಗಿಸುವುದಕ್ಕೆ ಹೇಳಿ ಮಾಡಿಸಿದ್ದು.

ಕೇರಳದ ಕರಾವಳಿಯಲ್ಲಿ ಈ ಎಲ್ಲ ಲೆಕ್ಕಾಚಾರದ ಮೇಲೆ ಇನ್ನೊಂದು ಸಂಗತಿ ಬಂದು ಕೂರುತ್ತದೆ: ತುಕ್ಕು. ಜೂನ್ ಮೊದಲ ವಾರದ ಸುಮಾರಿಗೆ ಇಡವಪ್ಪಾತಿ (ಮುಂಗಾರು) ಹಿಡಿಯುತ್ತದೆ, ಅಕ್ಟೋಬರಿನಲ್ಲಿ ತುಲಾವರ್ಷ (ಹಿಂಗಾರು). ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ತಿರುವನಂತಪುರದಲ್ಲಿ ಅದಕ್ಕಿಂತ ಕಡಿಮೆ, ಆದರೆ ಶಂಖುಮುಖ ಕಡಲತೀರದ ಉಪ್ಪುಗಾಳಿಗೆ ಬಿಡುವಿಲ್ಲ. ಮಂಗಳೂರು, ಉಡುಪಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಟಾರಿನಲ್ಲಿ ಮೊದಲು ಹಾಳಾಗುವುದು ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ಎತ್ತರಿಸುವ ಪುಟ್ಟ ಸ್ಕ್ರೂಗಳು. ಅಂಗೈಯ ಬೆವರು ನೇರ ಅವುಗಳ ಮೇಲೇ ಇಳಿಯುತ್ತದೆ. ಒಂದು ಮಳೆಗಾಲ ಪೆಟ್ಟಿಗೆಯಲ್ಲೇ ಮಲಗಿಸಿಟ್ಟ ಗಿಟಾರಿನ ಸ್ಯಾಡಲ್ ನೋಡಿ: ಸ್ಕ್ರೂವಿನ ತಲೆಯ ಆರುಮೂಲೆಯ ಗುಳಿಯಲ್ಲಿ ಕೆಂಪು ಹುಡಿ ತುಂಬಿರುತ್ತದೆ, ಅಲೆನ್ ಕೀ ತಿರುಗಿಸಿದರೆ ಮೂಲೆಗಳು ಸವೆದು ಕೀ ಸುಮ್ಮನೆ ಸುತ್ತುತ್ತದೆ. ಆಮೇಲೆ ಅದನ್ನು ಕೊರೆದೇ ತೆಗೆಯಬೇಕು. ಎರಡನೆಯದು ಚೂರಿಯಂಚು. ಅಲ್ಲಿ ತುಕ್ಕಿನ ಒಂದು ಕಣ ಕೂತರೂ ಬ್ರಿಡ್ಜ್ ಹೋದ ಜಾಗಕ್ಕೇ ಮರಳುವುದಿಲ್ಲ. ಶ್ರುತಿ ನಿಲ್ಲುತ್ತಿಲ್ಲ ಎಂದು ಜನ ಬಿರಡೆಯನ್ನು ಬೈಯುತ್ತಾರೆ. ಜೊತೆಗೆ ಮರದ ಕುತ್ತಿಗೆ ತೇವ ಕುಡಿದು ಬಾಗಿದಾಗ ತಂತಿಯ ಎಳೆತ ಬದಲಾಗಿ ತೇಲುವ ಬ್ರಿಡ್ಜಿನ ಸಮತೋಲವೂ ಏರುಪೇರಾಗುತ್ತದೆ. ಕಟ್ಟಿ ಕೂರಿಸಿದ ಬ್ರಿಡ್ಜಿಗೆ ಈ ಕಾಟ ಕಡಿಮೆ.

ಆದ್ದರಿಂದ ಕೊಳ್ಳುವಾಗ ಹೊಳಪು ನೋಡಬೇಡಿ, ಸ್ಯಾಡಲ್ ಮತ್ತು ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲೇ ಎಂದು ಕೇಳಿ. ಕಪ್ಪು ಲೇಪದ ಅಗ್ಗದ ಸ್ಕ್ರೂಗಳು ಸಮುದ್ರದ ಊರಿಗೆ ಆಗಿಬರುವುದಿಲ್ಲ. ತಿಂಗಳಿಗೊಮ್ಮೆ ಚೂರಿಯಂಚಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಸಾಕು.

ಕೊನೆಯದಾಗಿ ಹಿಡಿಕೆಯ ತಿರುಪು. ಅಮೆರಿಕದ ಬ್ಲಾಕಿನ ತಿರುಪು ಇಂಚಿನ ಲೆಕ್ಕದ್ದು, ಏಷ್ಯಾದವು 5 ಅಥವಾ 6 ಮಿ.ಮೀ.ನವು. ಹಳೆಯ ಹಿಡಿಕೆಯನ್ನು ಹೊಸ ಬ್ಲಾಕಿಗೆ ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು. ಹೊಸ ಹಿಡಿಕೆ ಜೊತೆಗೇ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಿಚ್ಚಿದ ಹಳೆಯ ಬ್ರಿಡ್ಜ್, ಸ್ಪ್ರಿಂಗು, ಹಿಡಿಕೆಗಳನ್ನು ಒಂದು ಡಬ್ಬಿಯಲ್ಲಿ ಎಣ್ಣೆ ಸವರಿ ಇಟ್ಟುಕೊಳ್ಳಿ. ಗಿಟಾರ್ ಮಾರುವ ದಿನ ಬಂದರೆ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.