ತಲೆಗೆ ತಕ್ಕ ಕಾಯಿಲ್

ಬಾಯಾರಿನವರಿಗೆ ತಲೆಯ ಎಂಆರ್‌ಐ ಎಂದರೆ ಉಪ್ಪಳಕ್ಕೆ ಇಳಿದು, ತಲಪಾಡಿ ಗಡಿ ದಾಟಿ, ದೇರಳಕಟ್ಟೆಗೋ ಮಂಗಳೂರಿಗೋ ಹೋಗುವ ಕೆಲಸ. ಸ್ವಲ್ಪ ತಿಳಿದವರು ಹೊರಡುವ ಮುಂಚೆ ಒಂದು ಮಾತು ವಿಚಾರಿಸುತ್ತಾರೆ: ಅಲ್ಲಿರುವುದು ಒಂದೂವರೆ ಟೆಸ್ಲಾದ ಯಂತ್ರವೋ, ಮೂರು ಟೆಸ್ಲಾದ್ದೋ? ಅಯಸ್ಕಾಂತದ ಬಲ ಮುಖ್ಯವೇ, ಇಲ್ಲವೆನ್ನುವುದಿಲ್ಲ. ಆದರೆ ಮಲಗಿಸಿದ ಮೇಲೆ ಮುಖದ ಮೇಲೆ ತಂದು ಮುಚ್ಚುತ್ತಾರಲ್ಲ, ಆ ಪ್ಲಾಸ್ಟಿಕ್ ಗೂಡು, ಹೆಡ್ ಕಾಯಿಲ್, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಚಿತ್ರದ ಸ್ಪಷ್ಟತೆಯಲ್ಲಿ ದೊಡ್ಡ ಪಾಲು ಅದರದ್ದು.

ಅದೊಂದು ಆಂಟೆನಾ. ಮಿದುಳಿನ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ನ್ಯೂಕ್ಲಿಯಸ್‌ಗಳನ್ನು ರೇಡಿಯೋ ತರಂಗ ಕೆಣಕುತ್ತದೆ, ಅವು ಅದೇ ಆವರ್ತನದಲ್ಲಿ ಉತ್ತರಿಸುತ್ತವೆ. ಒಂದೂವರೆ ಟೆಸ್ಲಾದಲ್ಲಿ ಆ ಆವರ್ತನ ಸುಮಾರು 64 ಮೆಗಾಹರ್ಟ್ಸ್, ಮೂರರಲ್ಲಿ 128. ನಮ್ಮ ಆಕಾಶವಾಣಿ ಮಂಗಳೂರಿನ 100.3 ಇವೆರಡರ ನಡುವೆಯೇ ಬರುತ್ತದೆ! ಹೊರಗಿನ ಇಂಥ ತರಂಗಗಳು ಒಳಗೆ ನುಸುಳದಂತೆ ಸ್ಕ್ಯಾನ್ ಕೋಣೆಯ ಗೋಡೆಗೆ ತಾಮ್ರದ ತಗಡು ಹೊದಿಸುವುದು ವಾಡಿಕೆ.

ಹೊರಗಿನ ಗದ್ದಲವನ್ನು ತಾಮ್ರ ತಡೆಯಿತು. ಆದರೆ ಮುಖ್ಯ ಗದ್ದಲ ಹುಟ್ಟುವುದು ರೋಗಿಯ ಮೈಯೊಳಗೇ. ಬೆಚ್ಚಗಿನ ದೇಹದ್ರವದಲ್ಲಿ ಲವಣದ ಅಯಾನುಗಳು ಸುಮ್ಮನಿರುವುದಿಲ್ಲ. ಅವುಗಳ ಓಡಾಟವೂ ಆಂಟೆನಾಕ್ಕೆ ಕೇಳಿಸುತ್ತದೆ. ಕಾಯಿಲ್ ಎಂದರೆ ಸುರುಳಿಯೇ. ದೊಡ್ಡ ಸುರುಳಿ ಇಡೀ ತಲೆಯ ಗದ್ದಲವನ್ನು ಬಾಚಿಕೊಳ್ಳುತ್ತದೆ. ಚರ್ಮಕ್ಕೆ ಒತ್ತಿದ ಚಿಕ್ಕ ಸುರುಳಿಗೆ ಹತ್ತಿರದ ಸಂಕೇತ ಜೋರಾಗಿಯೂ ದೂರದ ಗದ್ದಲ ಕಡಿಮೆಯಾಗಿಯೂ ಸಿಗುತ್ತದೆ. ಆದರೆ ಅದರ ವ್ಯಾಪ್ತಿ ಅಂಗೈಯಷ್ಟು.

ಹಾಗಾದರೆ ಚಿಕ್ಕ ಸುರುಳಿಗಳನ್ನೇ ತಲೆಯ ಸುತ್ತ ಹೊಂದಿಸಿದರೆ? ಅಷ್ಟು ಸುಲಭವಲ್ಲ, ಅಕ್ಕಪಕ್ಕದ ಸುರುಳಿಗಳು ಪರಸ್ಪರ ಪ್ರಭಾವ ಬೀರಿ ಎರಡೂ ಕೆಡುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪೀಟರ್ ರೋಮರ್ ಮತ್ತು ಸಂಗಡಿಗರು 1990ರಲ್ಲಿ ಇದಕ್ಕೆ ದಾರಿ ತೋರಿಸಿದರು. ಸುರುಳಿಗಳ ಅಂಚನ್ನು ಒಂದರ ಮೇಲೊಂದು ಲೆಕ್ಕವಾಗಿ ಹೊಂದಿಸಿದರೆ ಆ ಪ್ರಭಾವ ಸೊನ್ನೆಯಾಗುತ್ತದೆ. 2006ರಲ್ಲಿ ಬೋಸ್ಟನ್ನಿನ ಗ್ರಹಾಂ ವಿಗಿನ್ಸ್ ತಂಡ ಫುಟ್‌ಬಾಲಿನ ಐದು ಮೂಲೆ, ಆರು ಮೂಲೆಯ ತುಂಡುಗಳ ವಿನ್ಯಾಸದಲ್ಲೇ 32 ಸುರುಳಿಗಳ ಶಿರಸ್ತ್ರಾಣ ಕಟ್ಟಿತು. ಎಂಟು ಸುರುಳಿಯದಕ್ಕೆ ಹೋಲಿಸಿದರೆ ಮಿದುಳಿನ ಹೊರಪದರದಲ್ಲಿ ಸ್ಪಷ್ಟತೆಯ ಲಾಭ 3.5 ಪಟ್ಟಿನವರೆಗೆ. ನಟ್ಟನಡುವೆ ಮಾತ್ರ 1.4 ಪಟ್ಟು, ಎಷ್ಟೇ ಸುರುಳಿ ಸೇರಿಸಿದರೂ ಆಳಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಹೊರಪದರದ ಸಣ್ಣ ದೋಷದಿಂದ ಅಪಸ್ಮಾರ ಬರುವವರಿಗೆ ಹೊರಪದರದ ಈ ಲಾಭ ಬಹಳ ಮುಖ್ಯ.

ಸ್ಪಷ್ಟತೆಯನ್ನು ಸಮಯ ಕೊಟ್ಟೂ ಕೊಳ್ಳಬಹುದು, ಆದರೆ ವ್ಯಾಪಾರ ದುಬಾರಿ. ಎರಡು ಪಟ್ಟು ಸ್ಪಷ್ಟತೆಗೆ ನಾಲ್ಕು ಪಟ್ಟು ಹೊತ್ತು ಅಲುಗಾಡದೆ ಮಲಗಬೇಕು.

ಇಷ್ಟೆಲ್ಲ ಲೆಕ್ಕಾಚಾರವನ್ನೂ ತಲೆಗೂ ಸುರುಳಿಗೂ ನಡುವಿನ ಎರಡು ಸೆಂಟಿಮೀಟರ್ ಸಂದು ಹಾಳುಮಾಡಬಲ್ಲದು. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ತಲೆಗೆ ಬಟ್ಟೆ ಸುತ್ತಿ, ಬಿಗಿದು, ತನಗೆ ಹೊಂದುವಂತೆ ಮಾಡಿಕೊಂಡೇ ಕಿರೀಟ ಏರಿಸುತ್ತಾನೆ. ಹೆಡ್ ಕಾಯಿಲ್‌ಗೆ ಆ ಸೌಲಭ್ಯವಿಲ್ಲ. ಅದು ಗಟ್ಟಿ, ಸಾಮಾನ್ಯವಾಗಿ ಒಂದೇ ಅಳತೆ. ತುರುಬು ಕಟ್ಟಿ ಮಲಗಿದರೂ ಹಿಂಭಾಗದ ಸುರುಳಿಗಳಿಂದ ತಲೆ ದೂರವಾಗುತ್ತದೆ. ಹೇರ್‌ಪಿನ್ ಉಳಿದಿದ್ದರಂತೂ ಚಿತ್ರವೇ ಸೊಟ್ಟ. ಪುಟ್ಟ ಮಗುವಿನ ತಲೆ ದೊಡ್ಡವರ ಗೂಡಿನೊಳಗೆ ಸಡಿಲವಾಗಿ ಕೂರುತ್ತದೆ. ಅದಕ್ಕೇ 2011ರಲ್ಲಿ ಬೋಸ್ಟನ್ನಿನವರು ನವಜಾತ ಶಿಶುವಿನಿಂದ ಏಳು ವರ್ಷದವರೆಗೆ ಐದು ಅಳತೆಯ ಕಾಯಿಲ್‌ಗಳನ್ನು ಮಾಡಿದ್ದು.

ಇದರ ತಿರುವುಮುರುವು ಕಷ್ಟ ನಮ್ಮ ಸೀಮೆಯದ್ದು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆಯಂಥ ಊರುಗಳ ನೋವು ಲೋಕಕ್ಕೆಲ್ಲ ಗೊತ್ತು. ಜಿಲ್ಲೆಯ ಸಂತ್ರಸ್ತರಲ್ಲಿ ತಲೆಯಲ್ಲಿ ನೀರು ತುಂಬಿ ಬುರುಡೆ ಹಿಗ್ಗಿದ ಮಕ್ಕಳೂ ಇದ್ದಾರೆ. ತೀರಾ ಹಿಗ್ಗಿದ ತಲೆ ಗಟ್ಟಿ ಗೂಡಿನೊಳಗೆ ಹೋಗುವುದೇ ಇಲ್ಲ. ಆಗ ಯಂತ್ರದ ಒಳಗೋಡೆಯಲ್ಲಿರುವ ದೊಡ್ಡ ಕಾಯಿಲ್ ನೆಚ್ಚಬೇಕು, ಅಥವಾ ಹೊಟ್ಟೆ, ಕೀಲುಗಳಿಗೆಂದು ಇಟ್ಟ ಬಾಗುವ ಕಾಯಿಲನ್ನು ತಲೆಗೆ ಸುತ್ತಬೇಕು. ಮೊದಲನೆಯದರಲ್ಲಿ ಚಿತ್ರ ಮಂಕು. ಎರಡನೆಯದು ಎಷ್ಟೋ ವಾಸಿ. ಬಟ್ಟೆಯಂತೆ ಮಡಚಬಹುದಾದ ಹೊಸ ಕಾಯಿಲ್‌ಗಳೂ ಈಗ ಬಂದಿವೆ. ಅಂಥ ಮಗುವನ್ನು ಅಷ್ಟು ದೂರ ಕರೆದೊಯ್ಯುವವರು ಹೊತ್ತು ಗೊತ್ತುಮಾಡುವಾಗಲೇ ತಲೆಯ ಸುತ್ತಳತೆ ತಿಳಿಸಿ, ಬಾಗುವ ಕಾಯಿಲ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಬಹುದು.